ಈವ್ ಆನ್‌ಲೈನ್‌ನಲ್ಲಿ ಯಾವ ಬಣ ಸೇರಬೇಕು? ಮೊದಲು ಗಡಿಯಾರ ನೋಡಿ

ಈವ್ ಆನ್‌ಲೈನ್ ಹೊಸದಾಗಿ ಶುರು ಮಾಡಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಯಾವ ಬಣಕ್ಕೆ ಸೇರಲಿ?" ನಾನು ತಿರುಗಿ ಕೇಳುವುದೂ ಒಂದೇ. "ನೀನು ಆಡೋದು ಎಷ್ಟೊತ್ತಿಗೆ?" ಹೆಚ್ಚಿನವರು ಇದನ್ನು ತಮಾಷೆ ಅಂದುಕೊಳ್ಳುತ್ತಾರೆ. ಯಾರ ಹಡಗು ಚೆನ್ನಾಗಿದೆ, ಯಾರ ಕಥೆ ಚೆನ್ನಾಗಿದೆ, ಈಗ ಯಾರು ಗೆಲ್ಲುತ್ತಿದ್ದಾರೆ ಅಂತ ಅವರು ಎಲ್ಲಾ ಓದಿಕೊಂಡು ಬಂದಿರುತ್ತಾರೆ. ಗಡಿಯಾರ ಮಾತ್ರ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. ಎರಡು ಸಲ ತಪ್ಪು ಗುಂಪಿಗೆ ಸೇರಿದೆ, ಎರಡು ಸಲವೂ ಅದೇ ಕಾರಣಕ್ಕೆ ಹೊರಗೆ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಾಹ್ಯಾಕಾಶದ ಆಟ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಅನ್ನುವ ಕಂಪನಿ 2003ರ ಮೇ ತಿಂಗಳಲ್ಲಿ ಬಿಟ್ಟಿದ್ದು, ಇನ್ನೂ ನಡೆಯುತ್ತಿದೆ. 2016ರ ನವೆಂಬರ್‌ನಿಂದ ಆಲ್ಫಾ ಖಾತೆ ಅಂತ ಪುಕ್ಕಟೆಯಾಗಿ ಆಡಬಹುದು, ದುಡ್ಡು ಕಟ್ಟಿದರೆ ಒಮೆಗಾ. ಚೀನಾದವರಿಗೆ ಬೇರೆ ಸರ್ವರ್ ಇದೆ. ಅದು ಬಿಟ್ಟರೆ ಇಡೀ ಪ್ರಪಂಚದವರು ಟ್ರ್ಯಾಂಕ್ವಿಲಿಟಿ ಅನ್ನುವ ಒಂದೇ ಸರ್ವರ್‌ನಲ್ಲಿ ಆಡುತ್ತಾರೆ. ಅಂದರೆ ಒಂದು ಕಡೆ ಹೆಸರು ಕೆಡಿಸಿಕೊಂಡರೆ "ಬೇರೆ ಸರ್ವರ್‌ಗೆ ಹೋಗ್ತೀನಿ" ಅನ್ನುವ ಹಾಗಿಲ್ಲ. ನೀವು ಯಾವ ಯಾವ ಗುಂಪಿನಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದು ನಿಮ್ಮ ಪಾತ್ರದ ಮೇಲೆ ಬರೆದಿರುತ್ತದೆ, ಯಾರು ಬೇಕಾದರೂ ಕ್ಲಿಕ್ ಮಾಡಿ ನೋಡಬಹುದು, ಅಳಿಸಲು ಬರುವುದಿಲ್ಲ. ಅದಕ್ಕೇ ಸ್ವಲ್ಪ ಯೋಚಿಸಿ ಸೇರಿ ಅನ್ನುವುದು.

ಬಣ ಅನ್ನುವ ಮಾತು ಇಲ್ಲಿ ಮೂರು ಬೇರೆ ಬೇರೆ ವಿಷಯಕ್ಕೆ ಬಳಕೆಯಾಗುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ. ಒಂದು, ನೀವು ಹುಟ್ಟುವ ಸಾಮ್ರಾಜ್ಯ. ಎರಡು, ಸಾಮ್ರಾಜ್ಯದ ಪರವಾಗಿ ಹೊಡೆದಾಡುವ ಮಿಲಿಷಿಯಾ. ಮೂರು, ನಮ್ಮಂಥ ಆಟಗಾರರೇ ಕಟ್ಟಿಕೊಂಡ ಕಾರ್ಪ್ ಮತ್ತು ಆ ಕಾರ್ಪ್‌ಗಳು ಸೇರಿದ ಅಲಯನ್ಸ್. ಮೊದಲನೆಯದಕ್ಕೆ ಐದು ನಿಮಿಷ ಸಾಕು. ಎರಡನೆಯದಕ್ಕೆ ಒಂದು ಸಂಜೆ. ಮೂರನೆಯದಕ್ಕೆ ಒಂದು ವಾರ ಕೊಡಿ.

ಹುಟ್ಟೂರು

ನಾಲ್ಕು ಸಾಮ್ರಾಜ್ಯಗಳಿವೆ. ಅಮಾರ್ ಅಂದರೆ ದೇವರು, ಧರ್ಮ, ಗುಲಾಮರು, ಹೊಳೆಯುವ ಚಿನ್ನದ ಬಣ್ಣದ ಹಡಗು, ಲೇಸರ್ ಗನ್ನು. ಮಿನ್‌ಮಟಾರ್ ಅಂದರೆ ಆ ಗುಲಾಮಗಿರಿಯಿಂದ ದಂಗೆ ಎದ್ದು ಹೊರಬಂದವರು. ಇವರ ಹಡಗು ಗುಜರಿ ಅಂಗಡಿಯಲ್ಲಿ ಬೆಸುಗೆ ಹಾಕಿದ ಹಾಗೆ ಕಾಣುತ್ತದೆ, ಆದರೆ ಓಟ ಜೋರು. ಕಲ್ದಾರಿ ಅಂದರೆ ದೊಡ್ಡ ದೊಡ್ಡ ಕಂಪನಿಗಳೇ ಆಳುವ ರಾಜ್ಯ, ಮಿಸೈಲು ಮತ್ತು ಶೀಲ್ಡು. ಗಲ್ಲೆಂಟೆ ಅಂದರೆ ಪ್ರಜಾಪ್ರಭುತ್ವ, ಡ್ರೋನು, ಹತ್ತಿರ ಹೋಗಿ ಬಡಿಯುವ ಬ್ಲಾಸ್ಟರು.

ಯಾವುದು ಕಣ್ಣಿಗೆ ಹಿಡಿಸಿತೋ ಅದನ್ನು ಆರಿಸಿಕೊಳ್ಳಿ. ನಿಜವಾಗಿ ಅಷ್ಟೇ. ಇದರಿಂದ ಬದಲಾಗುವುದು ಮುಖ, ಶುರುವಾಗುವ ಜಾಗ, ಮೊದಲ ಕೆಲವು ಸ್ಕಿಲ್‌ಗಳು. ಕಲ್ದಾರಿಯಲ್ಲಿ ಹುಟ್ಟಿ ಅಮಾರ್ ಹಡಗಿನ ಸ್ಕಿಲ್ ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆಧಾರ್ ಕಾರ್ಡಿನಲ್ಲಿರುವ ಹುಟ್ಟೂರಿನ ಹಾಗೆ ಇದು, ಅಲ್ಲೇ ಇರುತ್ತದೆ, ದಿನಾ ಯಾರೂ ಕೇಳುವುದಿಲ್ಲ. ಇದರ ಮೇಲೆ ಎರಡು ಗಂಟೆ ವಿಡಿಯೋ ನೋಡಿದವರನ್ನು ಕಂಡಿದ್ದೇನೆ, ಅಷ್ಟು ಹೊತ್ತಿನಲ್ಲಿ ಆಟದ ಟ್ಯುಟೋರಿಯಲ್ಲೇ ಮುಗಿಸಬಹುದಿತ್ತು.

ಗಮನ ಕೊಡಬೇಕಾದ್ದು ಸ್ಟ್ಯಾಂಡಿಂಗ್‌ಗೆ. ಅದು ಒಂದು ಸಾಮ್ರಾಜ್ಯ ನಿಮ್ಮನ್ನು ಎಷ್ಟು ನಂಬುತ್ತದೆ ಅನ್ನುವ ಅಂಕಿ, ಮೈನಸ್ 10ರಿಂದ ಪ್ಲಸ್ 10ರವರೆಗೆ. ಮಿಷನ್ ಕೊಡುವ ಏಜೆಂಟ್‌ಗಳಲ್ಲಿ ಎರಡನೇ ಹಂತದವರು 1.0 ಇದ್ದರೆ ಮಾತಾಡಿಸುತ್ತಾರೆ, ಮೂರನೇ ಹಂತಕ್ಕೆ 3.0, ಒಳ್ಳೆ ದುಡ್ಡು ಸಿಗುವ ನಾಲ್ಕನೇ ಹಂತಕ್ಕೆ 5.0 ಬೇಕು. ಅತ್ತ ಕಡೆ ಮೈನಸ್ 5ಕ್ಕಿಂತ ಕೆಳಗೆ ಹೋದರೆ ಆ ಸಾಮ್ರಾಜ್ಯದ ಹೈ-ಸೆಕ್ (ಪೊಲೀಸ್ ಕಾವಲಿರುವ) ಜಾಗದಲ್ಲಿ ಅದರ ನೌಕಾಪಡೆಯೇ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಇದು ಸುಮ್ನೆ ಕೂತು ಮಿಷನ್ ಮಾಡುವವರಿಗೂ ಆಗುತ್ತದೆ. ಒಂದೇ ಹಂತದ ಹದಿನಾರು ಮಿಷನ್ ಆದ ಮೇಲೆ ಒಂದು ಸ್ಟೋರಿಲೈನ್ ಮಿಷನ್ ಬರುತ್ತದೆ. ಅದನ್ನು ಮುಗಿಸಿದರೆ ನಿಮ್ಮ ಸಾಮ್ರಾಜ್ಯ ಖುಷಿಯಾಗುತ್ತದೆ, ಅದರ ಶತ್ರು ಸಿಟ್ಟಾಗುತ್ತದೆ. ಆರು ತಿಂಗಳು ಅಮಾರ್‌ಗೆ ದುಡಿದು, ಒಂದು ದಿನ ಮಿನ್‌ಮಟಾರ್ ಕಡೆ ಸಾಮಾನು ಸಾಗಿಸಲು ಹೋಗಿ "ಇವರ್ಯಾಕೆ ನನ್ನ ಹೊಡೀತಿದಾರೆ?" ಅಂತ ಕೇಳುವವರು ಬೇಕಾದಷ್ಟಿದ್ದಾರೆ.

ಉಪಾಯ ಇದೆ. ಇನ್ನೊಂದು ಸಾಮ್ರಾಜ್ಯದ ಪಡೆಯನ್ನು ಹೊಡೆಯಿರಿ ಅನ್ನುವ ಮಿಷನ್ ಬಂದರೆ ಬೇಡ ಅನ್ನಿ. ಒಬ್ಬ ಏಜೆಂಟ್‌ಗೆ ನಾಲ್ಕು ಗಂಟೆಗೊಮ್ಮೆ ಬೇಡ ಅಂದರೆ ದಂಡ ಇಲ್ಲ. ಆಗಲೇ ಕೆಟ್ಟುಹೋಗಿದ್ದರೆ ಸಿಸ್ಟರ್ಸ್ ಆಫ್ ಈವ್ ಅನ್ನುವ ಆಟದೊಳಗಿನ ಸಂಸ್ಥೆ ಕೊಡುವ ದೊಡ್ಡ ಕಥಾ ಮಿಷನ್ ಸರಣಿ ಮಾಡಿ. ಸುಮಾರು ಐವತ್ತು ಸಣ್ಣ ಮಿಷನ್, ಕೊನೆಯಲ್ಲಿ ನಾಲ್ಕರಲ್ಲಿ ಒಂದು ಸಾಮ್ರಾಜ್ಯದ ಜೊತೆ ಸಂಬಂಧ ಸರಿಮಾಡಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಬಹುದು. ಬೇಜಾರಿನ ಕೆಲಸವೇ, ಆದರೆ ಬೇರೆ ದಾರಿಗಳು ಇದಕ್ಕಿಂತ ಬೇಜಾರು.

ಮಿಲಿಷಿಯಾ, ಮತ್ತು ನನ್ನ ಟೀ ಕಥೆ

ಸಾಮ್ರಾಜ್ಯಗಳ ಯುದ್ಧ ಆಟದೊಳಗೆ ಬಂದಿದ್ದು 2008ರ ಜೂನ್‌ನಲ್ಲಿ. ಅಮಾರ್ ಮತ್ತು ಕಲ್ದಾರಿ ಒಂದು ಕಡೆ, ಮಿನ್‌ಮಟಾರ್ ಮತ್ತು ಗಲ್ಲೆಂಟೆ ಇನ್ನೊಂದು ಕಡೆ. ಲೋ-ಸೆಕ್ ಅನ್ನುವ, ಕಾವಲು ಕಡಿಮೆ ಇರುವ ಸೌರವ್ಯೂಹಗಳಿಗಾಗಿ ಕಿತ್ತಾಟ. 2022ರ ನವೆಂಬರ್‌ನಲ್ಲಿ ಇದನ್ನು ಪೂರ್ತಿ ತಿದ್ದಿದರು. ಈಗ ಗಡಿಯಲ್ಲಿರುವ ಫ್ರಂಟ್‌ಲೈನ್ ಜಾಗಗಳಲ್ಲಿ ಹೊಡೆದಾಡಿದರೆ ಹೆಚ್ಚು ಫಲ, ಹಿಂದೆ ಸುರಕ್ಷಿತ ಜಾಗದಲ್ಲಿ ಸುತ್ತಾಡಿಕೊಂಡಿದ್ದರೆ ಕಡಿಮೆ. ಆಗ ಬಂದ ಇನ್ನೊಂದು ಬದಲಾವಣೆ ನಮಗೆ ಮುಖ್ಯ. ನಿಮ್ಮ ಕಾರ್ಪ್ ಬಿಡದೆ ನೀವೊಬ್ಬರೇ ಮಿಲಿಷಿಯಾಗೆ ಹೆಸರು ಬರೆಸಬಹುದು. ಮುಂಚೆ ಹೀಗಿರಲಿಲ್ಲ.

ಹಾಗಾಗಿ ಹೊಡೆದಾಟ ಹೇಗಿರುತ್ತೆ ನೋಡೋಣ ಅನ್ನುವವರಿಗೆ ನನ್ನ ಸಲಹೆ, ಮೊದಲು ಮಿಲಿಷಿಯಾ. ಇಲ್ಲಿ ಯಾರ ಸಂದರ್ಶನ ಇಲ್ಲ, ಯಾರ ಮುಲಾಜೂ ಇಲ್ಲ. ಸಣ್ಣ ಕಾಂಪ್ಲೆಕ್ಸ್‌ಗಳ (ಹಿಡಿಯಬೇಕಾದ ಯುದ್ಧದ ಕಣಗಳ) ಬಾಗಿಲಲ್ಲಿ ದೊಡ್ಡ ಹಡಗುಗಳಿಗೆ ಪ್ರವೇಶವೇ ಇಲ್ಲ, ಹಾಗಾಗಿ ಅಗ್ಗದ ಫ್ರಿಗೇಟ್ ತೆಗೆದುಕೊಂಡು ಹೋದರೆ ಎದುರು ಬರುವವನೂ ಸಣ್ಣ ಹಡಗಿನಲ್ಲೇ ಬರಬೇಕು. ಹತ್ತು ಸಲ ಸಾಯಿರಿ, ಹನ್ನೊಂದನೇ ಸಲ ಕೈ ನಡುಗುವುದು ಕಡಿಮೆಯಾಗುತ್ತದೆ. ಗೆದ್ದಾಗ ಸಿಗುವ ಲಾಯಲ್ಟಿ ಪಾಯಿಂಟ್‌ಗಳಿಂದ ಆ ಸಾಮ್ರಾಜ್ಯದ ನೌಕಾಪಡೆಯ ಹಡಗು ತೆಗೆದುಕೊಂಡು ಮಾರಬಹುದು. ಗಲ್ಲೆಂಟೆ ಕಡೆ ಕಾಮೆಟ್, ಕಲ್ದಾರಿ ಕಡೆ ಹುಕ್‌ಬಿಲ್, ಅಮಾರ್ ಕಡೆ ಸ್ಲೈಸರ್, ಮಿನ್‌ಮಟಾರ್ ಕಡೆ ಫೈರ್‌ಟೇಲ್. ಒಂದು ಕಿವಿಮಾತು: ಯಾರು ಗೆಲ್ಲುತ್ತಿದ್ದಾರೋ ಅವರ ಕಡೆ ಓಡಬೇಡಿ. ಆ ಕಡೆ ಜನ ಜಾಸ್ತಿ, ಎಲ್ಲರೂ ಅದೇ ಹಡಗನ್ನು ಮಾರುಕಟ್ಟೆಗೆ ಸುರಿಯುತ್ತಾರೆ, ಟೊಮೆಟೊ ಬೆಲೆ ಬಿದ್ದ ಹಾಗೆ ಬೀಳುತ್ತದೆ.

ಈಗ ಟೀ ಕಥೆ. ನಾನು ಗಲ್ಲೆಂಟೆ ಮಿಲಿಷಿಯಾ ಸೇರಿದ್ದು ಡ್ರೋನ್ ಇಷ್ಟ ಅಂತ. ನಾಲ್ಕು ದಿನ ಚೆನ್ನಾಗಿ ಆಡಿದೆ. ಐದನೇ ದಿನ ಭಾನುವಾರ, ಮನೆಯಲ್ಲಿ ಯಾರೂ ಇರಲಿಲ್ಲ, ಇದ್ದಬದ್ದ ಸರಕನ್ನೆಲ್ಲ ಒಂದು ಸಾಗಣೆ ಹಡಗಿಗೆ ತುಂಬಿ ಜಿಟಾಗೆ ಆಟೋಪೈಲಟ್ ಹಾಕಿ ಟೀಗೆ ನೀರಿಟ್ಟೆ. ಜಿಟಾ ಅಂದರೆ ಈ ಆಟದ ಯಶವಂತಪುರ ಎಪಿಎಂಸಿ. ನಾಲ್ಕನೇ ಗ್ರಹದ ನಾಲ್ಕನೇ ಚಂದ್ರನ ಹತ್ತಿರ ಒಂದು ನಿಲ್ದಾಣ, ಆಟದ ಅರ್ಧ ವ್ಯಾಪಾರ ಅಲ್ಲೇ ಅನ್ನಿಸುವಷ್ಟು ಗದ್ದಲ. ಆ ನಿಲ್ದಾಣದ ಹೆಸರಿನಲ್ಲೇ ಕಲ್ದಾರಿ ನೇವಿ ಅಂತಿದೆ. ನಾನು ಅದನ್ನು ನೂರು ಸಲ ಓದಿದ್ದೆ. ಶುಂಠಿ ಜಜ್ಜಿ ಹಾಕಿ, ಸೋಸಿ, ಲೋಟ ಹಿಡಿದು ಬಂದು ನೋಡಿದರೆ ಪರದೆಯಲ್ಲಿ ಹಡಗಿಲ್ಲ, ಮೊಟ್ಟೆಯಂಥ ಕ್ಯಾಪ್ಸೂಲ್ ಮಾತ್ರ ಮುಂದಿನ ಸೌರವ್ಯೂಹಕ್ಕೆ ಹಾರುವ ಗೇಟಿನ ಕಡೆ ತೆವಳುತ್ತಿದೆ. ಆಟೋಪೈಲಟ್ ಹಾಗೇ, ಗೇಟಿನಿಂದ ದೂರದಲ್ಲಿ ಇಳಿದು ನಿಧಾನಕ್ಕೆ ಹೋಗುತ್ತದೆ. ಕಲ್ದಾರಿ ನೌಕಾಪಡೆಗೆ ಅಷ್ಟು ಹೊತ್ತು ಬೇಕಾದಷ್ಟಾಯಿತು. ತಪ್ಪು ಅವರದಲ್ಲ. ಶತ್ರುವಿನ ಸೈನ್ಯಕ್ಕೆ ಸೇರಿ ಶತ್ರುವಿನ ಸಂತೆಗೆ ಎತ್ತಿನಗಾಡಿಯಲ್ಲಿ ಹೋದವನು ನಾನು.

ಇದರಿಂದ ಕಲಿಯಬೇಕಾದ್ದು: ಮಿಲಿಷಿಯಾ ಸೇರುವ ಮುಂಚೆ ನೀವು ದಿನಾ ಎಲ್ಲಿ ವ್ಯಾಪಾರ ಮಾಡುತ್ತೀರಿ ನೋಡಿ. ಜಿಟಾ ಬಿಟ್ಟಿರಲು ಆಗುವುದಿಲ್ಲ ಅಂದರೆ ಕಲ್ದಾರಿ ಕಡೆ ಸೇರಿ, ಇಲ್ಲವಾದರೆ ಅದೇ ಖಾತೆಯಲ್ಲಿ ಇನ್ನೊಂದು ಪಾತ್ರ ಮಾಡಿ ಅದನ್ನು ಯಾವ ಯುದ್ಧಕ್ಕೂ ಸೇರಿಸದೆ ವ್ಯಾಪಾರಕ್ಕೆ ಇಡಿ. ಒಂದು ಖಾತೆಗೆ ಮೂರು ಪಾತ್ರ ಸಿಗುತ್ತದೆ, ಪುಕ್ಕಟೆ ಖಾತೆಗೂ. ಅಮಾರ್‌ಗೆ ಅಮಾರ್ ಹೆಸರಿನದೇ ಸಂತೆ ಇದೆ, ಗಲ್ಲೆಂಟೆಗೆ ಡೊಡಿಕ್ಸಿ, ಮಿನ್‌ಮಟಾರ್‌ಗೆ ರೆನ್ಸ್ ಮತ್ತು ಹೆಕ್. ಆದರೆ ಜಿಟಾ ಜಿಟಾನೇ. ಶತ್ರು ಜಾಗದಲ್ಲಿ ಹೋಗಲೇಬೇಕಾದರೆ ವೇಗದ ಸಣ್ಣ ಹಡಗಿನಲ್ಲಿ, ಎಲ್ಲೂ ನಿಲ್ಲದೆ, ಕೈಯಲ್ಲೇ ಓಡಿಸಿಕೊಂಡು ಹೋಗಿ. ನೌಕಾಪಡೆ ಕಾಂಕಾರ್ಡ್ ಪೊಲೀಸರ ಹಾಗಲ್ಲ, ಚಲಿಸುತ್ತಿದ್ದರೆ ತಪ್ಪಿಸಿಕೊಳ್ಳಬಹುದು.

2023ರ ನವೆಂಬರ್‌ನಿಂದ ಗುರಿಸ್ಟಾಸ್ ಮತ್ತು ಏಂಜೆಲ್ ಕಾರ್ಟೆಲ್ ಅನ್ನುವ ದರೋಡೆಕೋರರ ಕಡೆಯೂ ಸೇರಬಹುದು. ಮಜಾ ಇದೆ. ಆದರೆ ಮೊದಲ ತಿಂಗಳಲ್ಲಿ ಬೇಡ, ಯಾರು ಯಾರನ್ನು ಎಲ್ಲಿ ಹೊಡೆಯಬಹುದು ಅನ್ನುವ ಲೆಕ್ಕ ತಲೆಗೆ ಹತ್ತಿದ ಮೇಲೆ ಹೋಗಿ.

ಗಡಿಯಾರ

ಇದು ಈ ಬರಹದ ಮುಖ್ಯ ಭಾಗ, ಉಳಿದದ್ದು ಮರೆತರೂ ಪರವಾಗಿಲ್ಲ.

ಆಟದ ಗಡಿಯಾರ ಯುಟಿಸಿ ಸಮಯದಲ್ಲಿ ನಡೆಯುತ್ತದೆ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ದಿನಾ 11:00ಕ್ಕೆ, ಅಂದರೆ ನಮ್ಮ ಸಂಜೆ ನಾಲ್ಕೂವರೆಗೆ, ಸರ್ವರ್ ಸ್ವಲ್ಪ ಹೊತ್ತು ಮುಚ್ಚಿ ತೆರೆಯುತ್ತಾರೆ. ಅದನ್ನು ಡೌನ್‌ಟೈಮ್ ಅನ್ನುತ್ತಾರೆ. ಅಲ್ಲಿಗೆ ಐರೋಪ್ಯರು ಆಫೀಸಿನಲ್ಲಿ, ಅಮೆರಿಕದವರು ನಿದ್ದೆಯಲ್ಲಿ.

ನಾನು ಮನೆಗೆ ಬಂದು, ಊಟ ಮಾಡಿ, ಪಾತ್ರೆ ಎತ್ತಿಟ್ಟು ಕುಳಿತುಕೊಳ್ಳುವಾಗ ಒಂಬತ್ತೂವರೆ. ಆಟದಲ್ಲಿ ಆಗ 16:00. ಲಂಡನ್ನಿನವನು ಇನ್ನೂ ಕೆಲಸದಲ್ಲಿದ್ದಾನೆ. ಮಾಸ್ಕೋದವನಿಗೆ ಸಂಜೆ ಏಳು, ಅವನು ಆಗಲೇ ಕುಳಿತಿದ್ದಾನೆ. ಐರೋಪ್ಯರ ಗುಂಪುಗಳಲ್ಲಿ ದೊಡ್ಡ ಫ್ಲೀಟ್ (ಒಟ್ಟಿಗೆ ಹೊಡೆದಾಟಕ್ಕೆ ಹೋಗುವ ಹಡಗುಗಳ ದಂಡು) ಹೊರಡುವುದು ಸಾಮಾನ್ಯವಾಗಿ 18:00ರಿಂದ 20:00ರ ಮಧ್ಯೆ, ಅಂದರೆ ನಮಗೆ ರಾತ್ರಿ ಹನ್ನೊಂದೂವರೆಯಿಂದ ಒಂದೂವರೆ. ಮಾರನೇ ದಿನ ಒಂಬತ್ತು ಗಂಟೆಗೆ ಮೀಟಿಂಗ್ ಇರುವವನಿಗೆ ಇದು ಆಗದ ಮಾತು.

ಹಾಗಾಗಿ ನಿಮ್ಮ ದಿನಚರಿ ನೋಡಿಕೊಂಡು ಹೀಗೆ ಯೋಚಿಸಿ. ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಆಡುವವರು ಪೂರ್ವ ಯುರೋಪ್, ರಷ್ಯಾ ಕಡೆಯ ಜನ ಇರುವ ಗುಂಪು ಹುಡುಕಿ, ಇಂಗ್ಲಿಷ್ ಮಾತಾಡುವವರೇ ಬೇಕೆಂದರೆ ಯುರೋಪಿನ "ಬೇಗ ಶುರು ಮಾಡುವ" ಗುಂಪು. ಬೆಳಗ್ಗೆ ಬೇಗ ಏಳುವವರೇ, ನಿಮಗೆ ಅದೃಷ್ಟ ಇದೆ: ನಮ್ಮ ಬೆಳಗಿನ ಆರರಿಂದ ಎಂಟು ಅಂದರೆ ನ್ಯೂಯಾರ್ಕಿನಲ್ಲಿ ರಾತ್ರಿ ಊಟದ ಹೊತ್ತು, ಅಮೆರಿಕದ ಫ್ಲೀಟ್‌ಗಳು ಆಗಲೇ ಹೊರಡುವುದು. ಹಾಲಿನ ಪ್ಯಾಕೆಟ್ ಬರುವ ಹೊತ್ತಿಗೆ ಒಂದು ಯುದ್ಧ ಮುಗಿಸಿ ಸ್ನಾನಕ್ಕೆ ಹೋಗುವ ಗೆಳೆಯ ಒಬ್ಬನಿದ್ದಾನೆ, ಅವನ ಮುಖದಲ್ಲಿ ದಿನವಿಡೀ ಒಂಥರಾ ತೃಪ್ತಿ. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಆಡುವವರು ಆಸ್ಟ್ರೇಲಿಯಾದವರ ಗುಂಪು ನೋಡಿ, ಸಿಡ್ನಿಯಲ್ಲಿ ಅದು ಸಂಜೆ. ಇನ್ನು ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಕುಳಿತು ಇದನ್ನು ಓದುತ್ತಿರುವ ಕನ್ನಡಿಗರಿಗೆ ಈ ತಲೆನೋವೇ ಇಲ್ಲ, ನೀವು ಮುಂದಿನ ಭಾಗಕ್ಕೆ ಹೋಗಿ.

ಗುಂಪಿನವರು "ನಾವು ಇಪ್ಪತ್ನಾಲ್ಕು ಗಂಟೆಯೂ ಇರ್ತೀವಿ" ಅಂತಲೇ ಜಾಹೀರಾತು ಹಾಕುತ್ತಾರೆ. ನಂಬಬೇಡಿ, ನೋಡಿ. ಝೀಕಿಲ್‌ಬೋರ್ಡ್ ಅಂತ ಒಂದು ತಾಣ ಇದೆ, ಆಟದಲ್ಲಿ ಒಡೆದ ಹಡಗುಗಳ ಲೆಕ್ಕ ಅಲ್ಲಿ ಸಮಯದ ಸಮೇತ ಬೀಳುತ್ತದೆ. ಕಾರ್ಪ್ ಹೆಸರು ಹಾಕಿ, ಕಳೆದ ಎರಡು ವಾರದ ಕೊಲೆಗಳ ಸಮಯ ನೋಡಿ. 16:00ರಿಂದ 18:30ರ ಮಧ್ಯೆ ಎಷ್ಟಿವೆ ಎಣಿಸಿ. ಹತ್ತು ದಿನದಲ್ಲಿ ಒಂದೆರಡು ಮಾತ್ರ ಇದ್ದರೆ ನಿಮ್ಮ ಹೊತ್ತಿನಲ್ಲಿ ಅಲ್ಲಿ ಯಾರೂ ಇಲ್ಲ ಅಂತಲೇ ಅರ್ಥ. ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ಒಂದು ಹಡಗು ಹೊಡೆಯಲು ನಲವತ್ತು ಜನ ಹೋಗುವವರೋ, ಮೂವರೇ ಹೋಗುವವರೋ. ಎರಡೂ ಬೇರೆ ಬೇರೆ ಥರದ ಆಟ.

ನಾನು ಮೊದಲು ಸೇರಿದ ಕಾರ್ಪ್‌ನಲ್ಲಿ ನಲವತ್ತು ಹೆಸರುಗಳಿದ್ದವು. ಜನ ಒಳ್ಳೆಯವರು. ಆದರೆ ನಾನು ಬಂದಾಗ ಇಬ್ಬರು ಇರುತ್ತಿದ್ದರು, ಅದರಲ್ಲಿ ಒಬ್ಬ ಗಣಿ ಹಡಗನ್ನು ಬಿಟ್ಟು ಟಿವಿ ನೋಡುತ್ತಿದ್ದ. ಮೂರು ವಾರ "ಹಲೋ" ಅಂತ ಟೈಪ್ ಮಾಡಿ ಉತ್ತರಕ್ಕೆ ಕಾದೆ. ಅವರು ಎದ್ದು ಉತ್ತರ ಕೊಡುವಾಗ ನಾನು ಬಸ್ಸಿನಲ್ಲಿ ಇರುತ್ತಿದ್ದೆ.

ಪಿಂಗ್ (ಸರ್ವರ್‌ಗೆ ಹೋಗಿಬರಲು ಹಿಡಿಯುವ ಸಮಯ) ಬಗ್ಗೆ ಚಿಂತೆ ಬೇಡ. ಸರ್ವರ್ ಇರುವುದು ಲಂಡನ್ನಿನಲ್ಲಿ. ಬೇರೆ ಶೂಟಿಂಗ್ ಆಟಗಳಲ್ಲಿ ಇದು ದೊಡ್ಡ ತೊಂದರೆ, ಆದರೆ ಈವ್ ಸರ್ವರ್ ಸೆಕೆಂಡಿಗೆ ಒಂದೇ ಸಲ ಲೆಕ್ಕ ಹಾಕುವುದು, ನಿಮ್ಮ ತುಮಕೂರಿನ ಬ್ರಾಡ್‌ಬ್ಯಾಂಡ್ ಸಾಕು. ತೊಂದರೆ ಕರೆಂಟಿನದು. ಇನ್ನೊಬ್ಬ ಆಟಗಾರನ ಜೊತೆ ಹೊಡೆದಾಟದಲ್ಲಿದ್ದಾಗ ಕರೆಂಟ್ ಹೋದರೆ ನಿಮ್ಮ ಹಡಗು ಮಾಯ ಆಗುವುದಿಲ್ಲ, ಹದಿನೈದು ನಿಮಿಷ ಅಲ್ಲೇ ಇರುತ್ತದೆ. ಎದುರಿನವನಿಗೆ ಹಬ್ಬ. ರೂಟರ್‌ಗೊಂದು ಸಣ್ಣ ಯುಪಿಎಸ್ ಹಾಕಿಸಿ, ಮಳೆಗಾಲದಲ್ಲಿ ದುಬಾರಿ ಹಡಗು ಹೊರಗೆ ತೆಗೆಯಬೇಡಿ.

ಕಾರ್ಪ್ ಹುಡುಕುವುದು

ಗಡಿಯಾರ ಹೊಂದಿತು ಅಂದುಕೊಳ್ಳಿ. ಈಗ ಏನು ಮಾಡುವ ಗುಂಪು ಬೇಕು ಅನ್ನುವುದು.

ಏನೂ ಗೊತ್ತಿಲ್ಲದವರಿಗೆ ಈವ್ ಯೂನಿವರ್ಸಿಟಿ ಇದೆ. 2004ರಿಂದ ನಡೆಸುತ್ತಿದ್ದಾರೆ, ಆಟಗಾರರೇ ಕಟ್ಟಿದ ಶಾಲೆ, ತರಗತಿ ಇದೆ, ಅವರು ಬರೆದಿಟ್ಟ ವಿಕಿಯನ್ನು ಅವರ ಶತ್ರುಗಳೂ ಓದುತ್ತಾರೆ. ಸ್ವಲ್ಪ ನಿಯಮ ಜಾಸ್ತಿ. ಯಾರನ್ನೂ ಹೊಡೆಯದೆ ಸುಮ್ನೆ ಸುತ್ತಾಡಿ ಹುಡುಕಾಟ ಮಾಡುವವರಿಗೆ ಸಿಗ್ನಲ್ ಕಾರ್ಟೆಲ್. ದೊಡ್ಡ ಯುದ್ಧದ ಹುಚ್ಚಿದ್ದರೆ ಯಾವ ಸಾಮ್ರಾಜ್ಯದ ಕಾವಲೂ ಇಲ್ಲದ ನಲ್-ಸೆಕ್‌ನ ದೊಡ್ಡ ಒಕ್ಕೂಟಗಳಿಗೆಲ್ಲ ಹೊಸಬರ ಕಾರ್ಪ್ ಇರುತ್ತದೆ. ಪ್ಯಾಂಡೆಮಿಕ್ ಹೋರ್ಡ್, ಕರ್ಮಫ್ಲೀಟ್, ಬ್ರೇವ್ ನ್ಯೂಬೀಸ್, ಹೀಗೆ. ಇವರು ಹೊಸಬರಿಗೆ ಹಡಗು ಪುಕ್ಕಟೆ ಕೊಡುವುದುಂಟು, ಫ್ಲೀಟ್‌ನಲ್ಲಿ ಒಡೆದರೆ ದುಡ್ಡು ವಾಪಸ್ ಕೊಡುವುದುಂಟು. ಅದನ್ನು ಎಸ್‌ಆರ್‌ಪಿ ಅನ್ನುತ್ತಾರೆ. ಕೇಳಿ ತಿಳಿದುಕೊಳ್ಳಿ.

ದೊಡ್ಡವರ ಜೊತೆ ಇರುವುದು ಹೇಗೆ ಅಂದರೆ, ಕೂಡು ಕುಟುಂಬದ ಹಾಗೆ. ಊಟಕ್ಕೆ ಕೊರತೆ ಇಲ್ಲ, ಆದರೆ ಮದುವೆ ಮನೆಯಲ್ಲಿ ಬಡಿಸಲು ಕರೆದಾಗ ಹೋಗಲೇಬೇಕು. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಅನ್ನುವ ಜಾಗದಲ್ಲಿ ಶುರುವಾದ ಜಗಳ 21 ಗಂಟೆ ನಡೆಯಿತು, ಟೈಟಾನ್ ಅನ್ನುವ 75 ದೈತ್ಯ ಹಡಗುಗಳು ಹೋದವು. ಶುರುವಾದದ್ದು ಹೇಗೆ ಗೊತ್ತಾ? ಆ ಜಾಗದ ಮೇಲಿನ ಹಕ್ಕಿಗೆ ಕಟ್ಟಬೇಕಾದ ಹಣ ಸಮಯಕ್ಕೆ ಕಟ್ಟಿರಲಿಲ್ಲ. ಒಂದು ಬಿಲ್ಲು! ಇಂಥ ಕಡೆ ಸಾವಿರಾರು ಜನ ಸೇರಿದಾಗ ಸರ್ವರ್ ಬೀಳದಿರಲೆಂದು ಸಮಯವನ್ನೇ ನಿಧಾನ ಮಾಡುತ್ತಾರೆ, ಮಾಮೂಲಿಯ ಹತ್ತನೇ ಒಂದು ಭಾಗದಷ್ಟು ವೇಗಕ್ಕೆ ಇಳಿಯುತ್ತದೆ. ಬಟನ್ ಒತ್ತಿ, ಒಗ್ಗರಣೆ ಹಾಕಿ ಬರಬಹುದು. ನನ್ನ ಎರಡನೇ ಗುಂಪು ಈ ಥರದ್ದು. ರಾತ್ರಿ ಹನ್ನೆರಡಕ್ಕೆ ಶುರುವಾದದ್ದು ಬೆಳಗ್ಗೆ ಆರಕ್ಕೂ ಮುಗಿಯದೆ, ಆಫೀಸಿನಲ್ಲಿ ಮೂರು ದಿನ ಕಣ್ಣು ಕೆಂಪು. ಮೂರನೇ ಸಲ ಹಾಗಾದಾಗ ಬಿಟ್ಟೆ. ನೋಡಿದ್ದಕ್ಕೆ ಬೇಜಾರಿಲ್ಲ, ಅಂಥದ್ದು ಬೇರೆ ಯಾವ ಆಟದಲ್ಲೂ ಇಲ್ಲ.

ಸಣ್ಣ ಕಾರ್ಪ್‌ನಲ್ಲಿ ಹತ್ತು ಜನ, ಎಲ್ಲರ ಮಕ್ಕಳ ಹೆಸರೂ ಗೊತ್ತು. ಆದರೆ ನಾಯಕ ಒಂದು ತಿಂಗಳು ಬರದಿದ್ದರೆ ಎಲ್ಲಾ ಚೆಲ್ಲಾಪಿಲ್ಲಿ. ವರ್ಮ್‌ಹೋಲ್ (ಬದಲಾಗುತ್ತಲೇ ಇರುವ ಗುಪ್ತ ದಾರಿಗಳಿಂದ ಮಾತ್ರ ಹೋಗಬಹುದಾದ ಜಾಗ) ಗುಂಪುಗಳು ಇನ್ನೂ ಬಿಗಿ. ಅಲ್ಲಿ ನಿಮ್ಮ ಬೆನ್ನ ಹಿಂದೆ ನಿಲ್ಲುವವನು ಮುಖ್ಯ, ಹೊಸಬರನ್ನು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ, ಅದು ಸರಿಯೇ.

ಸೇರುವ ಮುಂಚೆ ಮಾತಾಡಿಸುವವನನ್ನು ನೇರವಾಗಿ ಕೇಳಿ. ನಾನು ಕೇಳುವುದು ಹೀಗೆ: "ನನಗೆ ಸಿಗೋದು 16:30ರಿಂದ 18:30. ನಿನ್ನೆ ಆ ಹೊತ್ತಿಗೆ ಯಾರ್ಯಾರಿದ್ರು? ಫ್ಲೀಟ್ ನಡೆಸೋರು ಯಾರಿದ್ರು?" ಇಲ್ಲಿ ನಿನ್ನೆ ಅನ್ನುವುದು ಮುಖ್ಯ. "ಸಾಮಾನ್ಯವಾಗಿ" ಅಂತ ಕೇಳಿದರೆ ಸಾಮಾನ್ಯವಾದ ಉತ್ತರವೇ ಬರುತ್ತದೆ. ನಿನ್ನೆ ಅಂದರೆ ಹೆಸರು ಹೇಳಬೇಕು. ಆಮೇಲೆ ತೆರಿಗೆ ಎಷ್ಟು ಕೇಳಿ. ಯಾವ ಗುಂಪಿಗೂ ಸೇರದೆ ಆಟದ ಸ್ವಂತ ಕಾರ್ಪ್‌ನಲ್ಲೇ ಉಳಿದರೆ ಶೇ. 11 ತೆರಿಗೆ ಹಿಡಿಯುತ್ತಾರೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ. ಅದಕ್ಕಿಂತ ಜಾಸ್ತಿ ಕೇಳಿದರೆ ಬದಲಿಗೆ ಏನು ಕೊಡುತ್ತೀರಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಬರಲೇಬೇಕಾದ ಫ್ಲೀಟ್ ತಿಂಗಳಿಗೆ ಎಷ್ಟು, ಬರದಿದ್ದರೆ ಏನಾಗುತ್ತದೆ ಅಂತ ಕೇಳಿ. ಕಾರ್ಪ್‌ಗೆ ಸ್ವಂತ ಕಟ್ಟಡ ಇದೆಯಾ ಅಂತಲೂ ಕೇಳಿ, ಯಾಕಂದರೆ 2018ರ ಡಿಸೆಂಬರ್‌ನಿಂದ ಕಟ್ಟಡ ಇರುವವರ ಮೇಲೆ ಮಾತ್ರ ಯುದ್ಧ ಸಾರಲು ಆಗುವುದು. ಹೈ-ಸೆಕ್‌ನಲ್ಲಿ ನೆಮ್ಮದಿಯಾಗಿ ಗಣಿ ತೋಡುವ ಆಸೆಯಿದ್ದರೆ ಕಟ್ಟಡ ಇಲ್ಲದ ಸಣ್ಣ ಕಾರ್ಪ್ ಲೇಸು.

ಅವರೂ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ. ನಿಮ್ಮ ಪಾತ್ರದ ಸ್ಕಿಲ್, ಪತ್ರ, ಹಣದ ಲೆಕ್ಕ ನೋಡಲು ಅನುಮತಿ ಕೇಳುತ್ತಾರೆ. ಆಟದ ಅಧಿಕೃತ ಲಾಗಿನ್ ಪುಟದ ಮೂಲಕ ಅನುಮತಿ ಕೊಡುವುದಾದರೆ ಅದು ಮಾಮೂಲು. ಗೂಢಚಾರರ ಕಾಟ ಹಾಗಿದೆ. 2009ರ ಫೆಬ್ರವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅನ್ನುವ ಆಗಿನ ಬಲಿಷ್ಠ ಅಲಯನ್ಸನ್ನು ಅದರೊಳಗಿನ ಒಬ್ಬ ಡೈರೆಕ್ಟರ್ ಶತ್ರುಗಳಾದ ಗೂನ್‌ಸ್ವಾರ್ಮ್ ಜೊತೆ ಸೇರಿ ಬಾಗಿಲು ಮುಚ್ಚಿಸಿಬಿಟ್ಟ, ಒಂದೂ ಗುಂಡು ಹಾರಿಸದೆ. ಆಟದ ನಿಯಮಕ್ಕೆ ಅದು ವಿರುದ್ಧವೂ ಅಲ್ಲ. ಅಂಥ ಜಾಗದಲ್ಲಿ ನಿಮ್ಮನ್ನು ಪ್ರಶ್ನೆ ಮಾಡಿದರೆ ಮುನಿಸಿಕೊಳ್ಳಬೇಡಿ. ಪಾಸ್‌ವರ್ಡ್ ಕೇಳಿದರೆ ಮಾತ್ರ ಮಾತು ಅಲ್ಲಿಗೇ ನಿಲ್ಲಿಸಿ.

ಮೋಸ ಮಾಡುವುದಕ್ಕೂ ಆಟದಲ್ಲಿ ಅಡ್ಡಿಯಿಲ್ಲ, ಇದು ನೆನಪಿರಲಿ. ಸೇರಲು "ಠೇವಣಿ" ಕೇಳಿದರೆ ಅದು ಮೋಸ. ಕೊಟ್ಟ ಹಣ ವಾಪಸ್ ಬರುತ್ತೆ ಅಂದರಂತೂ ಖಂಡಿತ ಮೋಸ. "ನಿನ್ನ ಹಡಗುಗಳನ್ನೆಲ್ಲ ನಮ್ಮ ಹೆಸರಿಗೆ ಕಾಂಟ್ರಾಕ್ಟ್ ಮಾಡು, ನಾವು ಸೇಫಾಗಿ ಸಾಗಿಸ್ತೀವಿ" ಅಂದರೆ ಏನು ಮಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ಒಂದು ಸಲ ಮಾಡಿ ನೋಡಿದ್ದೇನೆ. ಆರು ಹಡಗು. ತುಂಬಾ ಪ್ರೀತಿಯಿಂದ ಮಾತಾಡಿದ್ದ, ಬೆಂಗಳೂರಿನ ಹವಾಮಾನ ಕೂಡ ವಿಚಾರಿಸಿದ್ದ.

ಬಿಡುವುದು

ಸೇರುವ ಮುಂಚೆ ಬಿಡುವುದು ಹೇಗೆ ಅಂತ ನೋಡಿಕೊಳ್ಳಿ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವಾಗ ಕೇಳುವುದಿಲ್ಲವೇ, ಹಾಗೆ.

ಕಾರ್ಪ್‌ನಲ್ಲಿ ನಿಮಗೆ ಏನಾದರೂ ರೋಲ್ (ಖಜಾನೆಯಂಥದ್ದರ ಮೇಲಿನ ಅಧಿಕಾರ) ಕೊಟ್ಟಿದ್ದರೆ ತಕ್ಷಣ ಬಿಡಲು ಆಗುವುದಿಲ್ಲ, ಅದನ್ನು ಕಳಚಿ 24 ಗಂಟೆ ಕಾಯಬೇಕು. ಹೊಸಬರಿಗೆ ಸುಮ್ನೆ ರೋಲ್ ಹಂಚುವ ಕಾರ್ಪ್ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ, ಅವರ ಖಜಾನೆಗೂ ಬೀಗ ಹಾಗೇ ಇರುತ್ತದೆ. ನಿಮ್ಮ ಸಾಮಾನು ಆಟಗಾರರ ಕಟ್ಟಡದಲ್ಲಿದ್ದು, ಬಿಟ್ಟ ಮೇಲೆ ಅವರು ಬಾಗಿಲು ಹಾಕಿದರೆ, ಅಸೆಟ್ ಸೇಫ್ಟಿ ಅನ್ನುವ ವ್ಯವಸ್ಥೆಯಲ್ಲಿ ತೆಗೆಸಿಕೊಳ್ಳಬಹುದು. ಆದರೆ ಬೇರೆ ವ್ಯೂಹದ ನಿಲ್ದಾಣಕ್ಕೆ ಬಂದರೆ ಸಾಮಾನಿನ ಬೆಲೆಯ ಶೇ. 15 ಕಟ್ಟಬೇಕು, ದಿನಗಟ್ಟಲೆ ಕಾಯಬೇಕು. ವರ್ಮ್‌ಹೋಲ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ, ಕಟ್ಟಡ ಬಿದ್ದರೆ ಸಾಮಾನು ಬೀದಿಗೆ. ಹಾಗಾಗಿ ಮನಸ್ಸು ಎರಡಾದ ದಿನವೇ, ಯಾರಿಗೂ ಹೇಳುವ ಮುಂಚೆ, ಬೆಲೆಬಾಳುವುದನ್ನು ಒಂದೊಂದೇ ಹೊರಗೆ ಸಾಗಿಸಿ. ಆಮೇಲೆ ನಾಯಕನಿಗೆ ಎರಡು ಸಾಲು ಬರೆಯಿರಿ, ಸಮಯ ಹೊಂದಲಿಲ್ಲ, ಧನ್ಯವಾದ ಅಂತ. ನನ್ನ ಮೊದಲ ಕಾರ್ಪ್‌ನವರಿಗೆ ಹೀಗೆ ಬರೆದಿದ್ದೆ. ಒಂಬತ್ತು ಗಂಟೆ ಬಿಟ್ಟು ಉತ್ತರ ಬಂತು.